ಉಸಿರಿಗಿಂತ ಮೊದಲು ಕಾಲು

ಹಾಡಿದ ಸಾಲನ್ನು ಹಿಡಿದಿಟ್ಟು ಮತ್ತೆ ಮತ್ತೆ ನುಡಿಸುವ, ಕಾಲಿನಲ್ಲಿ ಗುಂಡಿ ಒತ್ತಿ ನಡೆಸುವ ಪೆಟ್ಟಿಗೆಗೆ ಲೂಪರ್ ಎನ್ನುತ್ತಾರೆ. ಅದರಲ್ಲಿ ದನಿಯ ಮೇಲೆ ದನಿ ಪೇರಿಸಿ, ಒಬ್ಬರೇ ಮನೆ ತುಂಬ ಜನರಂತೆ ಹಾಡುವವರದೊಂದು ಗುಂಪು ಫೇಸ್‌ಬುಕ್ಕಿನಲ್ಲಿತ್ತು. ಪಾಯೆತೆ ಊರಿನ ಇಸಿದ್ರೊ ಆ ಗುಂಪಿಗೆಲ್ಲ ಕುಯಾ, ಅಂದರೆ ಅವರ ನುಡಿಯಲ್ಲಿ ಅಣ್ಣ. ಹಗಲೆಲ್ಲ ಮರದಲ್ಲಿ ಸಂತರನ್ನು ಕೆತ್ತುವನು. ಉಳಿ ಕೆಳಗಿಟ್ಟಾಗಲೆಲ್ಲ ಫೋನು ಹಿಡಿದು ಉತ್ತರ ಬರೆಯುವನು.

“ಕುಯಾ, ಒಂದು ಗುಂಡಿದು ಸಾಕಾ, ಎರಡು ಗುಂಡಿದು ಬೇಕಾ?” ಎಂದು ಯಾರೋ ಕೇಳುವರು.

“ಎಷ್ಟು ಕಾಲಿದೆಯೋ ಅಷ್ಟು ಗುಂಡಿದು ತಗೋ.”

“ಹಂಗಾದ್ರೆ ನಮ್ಮನೆ ನಾಯಿಗೆ ನಾಲ್ಕು ಗುಂಡಿದು ಕೊಡಿಸ್ಬೇಕು,” ಎಂದು ಬೊಯೆತ್ ಎಂಬ ತರಲೆ ನಡುವೆ ಬಾಯಿ ಹಾಕುವನು.

ಹೀಗೆ ನಡೆದಿರುವಾಗ ರೋವೆನಾ ಬಂದಳು. ಪಕ್ಕದ ಊರಿನ ದರ್ಜಿ. ಹೊಲಿಗೆ ಯಂತ್ರದ ಪಕ್ಕ ಬಣ್ಣ ಕಿತ್ತುಹೋದ ಒಂದೇ ಗುಂಡಿಯ ಲೂಪರ್ ಇಟ್ಟುಕೊಂಡು ಹಾಡಿದ ವಿಡಿಯೊ ಹಾಕಿದಳು. ಪವಿತ್ರ ವಾರದಲ್ಲಿ ಮನೆಮನೆಯಲ್ಲೂ ಎದುರುಬದುರು ಕೂತು ರಾಗವಾಗಿ ಓದುವ ಯೇಸುವಿನ ಪಾಡಿನ ಪದ್ಯಗಳವು. ಒಂದು ದನಿ, ಅದರ ಮೇಲೊಂದು, ಮತ್ತೊಂದು. ಇಸಿದ್ರೊನ ಕೈ ನಿಂತಿತು. ಅದು ಅವನ ಅಜ್ಜಿಯ ಧಾಟಿ. ಅವನು ಆ ಧಾಟಿ ಕೇಳುತ್ತ ಅವಳ ಮಡಿಲಲ್ಲಿ ನಿದ್ದೆ ಹೋದವನು. ತನ್ನ ದೊಡ್ಡ ಪೆಟ್ಟಿಗೆಯಲ್ಲಿ ಏನೇನೋ ತುಂಬಿದ್ದನಲ್ಲದೆ ಇದನ್ನು ಯೋಚಿಸಿಯೇ ಇರಲಿಲ್ಲ. ತನ್ನ ಮನೆಯೊಳಗಿದ್ದುದನ್ನು ಇವಳು ಎತ್ತಿಕೊಂಡು ಹೋದಳಲ್ಲ ಎಂದು ಹೊಟ್ಟೆಯಲ್ಲಿ ಉರಿ ಎದ್ದಿತು.

ವಿಡಿಯೊದ ಕೆಳಗೆ ಹೃದಯಗಳು ಸುರಿದವು. “ಕುಯಾ, ನಿಮ್ಮ ರಾಜಪೆಟ್ಟಿಗೆಗಿಂತ ಈ ಡಬ್ಬಾನೇ ವಾಸಿ ಬಿಡಿ,” ಎಂದ ಬೊಯೆತ್. ಇಸಿದ್ರೊ ಒಂದು ನಗುಮುಖ ಹಾಕಿ ಉಳಿಗೆ ಹೊಡೆದ. ಸಂತ ರೋಕನ ಬೆರಳು ಹಾರಿಹೋಯಿತು.

ಮರುದಿನ ರೋವೆನಾ ಅವನನ್ನೇ ಕೇಳಿದಳು: “ಕುಯಾ, ಸಾಲು ಮುಗಿಯೋ ಕಡೆ ಒಂಚೂರು ಖಾಲಿ ಉಳಿಯುತ್ತೆ. ತಿರುಗಿ ಬಂದಾಗೆಲ್ಲ ಅಲ್ಲೇ ಎಡವುತ್ತೆ. ತಪ್ಪು ಪೆಟ್ಟಿಗೇದಾ, ನಂದಾ?”

ಅವನಿಗೆ ಕೇಳಿದೊಡನೆ ತಿಳಿದಿತ್ತು. ಪದ್ಯ ಓದಿ ಬೆಳೆದವರು ಸಾಲಿನ ಕೊನೆಗೆ ಉಸಿರು ತೆಗೆದುಕೊಂಡೇ ಗುಂಡಿ ಒತ್ತುತ್ತಾರೆ. ಆ ಉಸಿರಿನ ಹೊತ್ತೂ ಹಿಡಿದಿಟ್ಟ ಸಾಲಿನೊಳಗೆ ಸೇರಿಕೊಳ್ಳುತ್ತದೆ. ಅವನ ಕಾಲಿಗೂ ಹಿಂದೆ ಅದೇ ಚಾಳಿಯಿತ್ತು.

“ಪೆಟ್ಟಿಗೆ ಹಳೇದಾಯ್ತು ತಾಯಿ. ಇನ್ನು ಆಗಲ್ಲ,” ಎಂದು ಬರೆದ.

ಅವಳು ಅದಕ್ಕೂ ಒಂದು ಹೃದಯ ಒತ್ತಿದಳು.

ಗುಂಪಿನವರು ಸರೋವರದ ದಡದ ಊಟದಂಗಡಿಯೊಂದರಲ್ಲಿ ಮುಂದೊಂದು ಮಧ್ಯಾಹ್ನ ಸೇರಿದರು. ಕೊನೆಯ ಹಾಡು ಯಾವಾಗಲೂ ಇಸಿದ್ರೊನದು. ಈ ಸಲ ರೋವೆನಾಳನ್ನು ಕರೆದರು. ಅವಳು ಬರಿಗೈಯಲ್ಲಿ ಎದ್ದಳು.

“ಅಕ್ಕಾ, ಡಬ್ಬಾ ಎಲ್ಲಿ?” ಎಂದ ಬೊಯೆತ್.

“ಅದು ಆಗಲ್ಲ ಅಂತ ಕುಯಾ ಅಂದ್ರಲ್ಲ, ನನ್ನ ತಮ್ಮನಿಗೆ ಕೊಟ್ಟುಬಿಟ್ಟೆ. ಬರೀ ಬಾಯಲ್ಲೇ ಹಾಡ್ತೀನಿ. ಕುಯಾ, ಈ ಪದ್ಯ ನಿಮಗೂ ಬರ್ತಿರಬೇಕಲ್ಲ? ಎದುರು ಸಾಲು ನೀವು ಹಿಡೀರಿ.”

ದೇವರ ಪದ್ಯ. ಆಗದು ಎನ್ನುವಂತಿರಲಿಲ್ಲ. ಎದ್ದು ಬಂದ. ಅವಳು ಸಾಲು ಮುಗಿಸಿ ಉಸಿರೆಳೆದುಕೊಂಡ ಕಡೆ ಅವನ ಸಾಲು ಶುರುವಾಯಿತು. ಅವನು ಉಸಿರೆಳೆದ ಕಡೆ ಅವಳದು. ಎಲ್ಲೂ ಖಾಲಿ ಉಳಿಯಲಿಲ್ಲ. ಮುಗಿದಾಗ ಜನ ಕೂಗಿದ್ದು ಮಾತ್ರ ರೋವೆನಾಳ ಹೆಸರನ್ನು.

ಅವನಿಗೆ ಉರಿ ಇನ್ನೂ ಹೆಚ್ಚಿತು. ಆದರೆ ಸುಳ್ಳು ಹೇಳಿದ ಬಾಯಲ್ಲೇ ಆ ಪದ್ಯ ಹಾಡಿದೆನಲ್ಲ ಎಂಬುದನ್ನು ಮರೆಯಲಾಗಲಿಲ್ಲ. ಊಟದ ಮೇಜಿನಲ್ಲಿ ಅವಳ ಪಕ್ಕ ಕೂತ.

“ರೋವೆನಾ, ಪೆಟ್ಟಿಗೆ ಸರಿಯಾಗೇ ಇತ್ತು. ನೀನು ಉಸಿರು ತಗೊಂಡು ಆಮೇಲೆ ಒತ್ತುತ್ತೀಯ. ಮೊದಲು ಕಾಲು, ಆಮೇಲೆ ಉಸಿರು.”

ಅವಳು ಶಾವಿಗೆ ಬಡಿಸಿಕೊಳ್ಳುವುದನ್ನು ನಿಲ್ಲಿಸಿದಳು. “ಅವತ್ತೇ ಗೊತ್ತಿತ್ತಾ?”

“ಗೊತ್ತಿತ್ತು.”

“ಅಷ್ಟೇ ತಾನೆ? ತಮ್ಮನ ಹತ್ರ ವಾಪಸ್ ಇಸ್ಕೋತೀನಿ,” ಎಂದು ತಟ್ಟೆ ಹಿಡಿದುಕೊಂಡು ಬೇರೆ ಮೇಜಿಗೆ ಹೋದಳು.

ಕೆಲವು ದಿನದ ಮೇಲೆ ಗುಂಪಿಗೆ ಹೊಸದಾಗಿ ಬಂದವರೊಬ್ಬರು ಅದೇ ಪ್ರಶ್ನೆ ಕೇಳಿದರು. ಇಸಿದ್ರೊ ಉಳಿ ಕೆಳಗಿಡುವುದರೊಳಗೆ ರೋವೆನಾಳ ಉತ್ತರ ಬಂದಿತ್ತು: “ಮೊದಲು ಕಾಲು, ಆಮೇಲೆ ಉಸಿರು. ಕುಯಾ ಇಸಿದ್ರೊ ಹೇಳಿಕೊಟ್ಟದ್ದು.”

ಅದರ ಕೆಳಗೆ ಆಗಲೇ ಹೃದಯಗಳು ಸೇರುತ್ತಿದ್ದವು. ಅವನೂ ಒಂದು ಒತ್ತಿದ. ತೆಗೆದ. ಕೈಯ ಮರದ ಪುಡಿಯನ್ನು ಚಡ್ಡಿಗೆ ಒರೆಸಿಕೊಂಡು ಮತ್ತೆ ಒತ್ತಿದ.