ಆರನೇ ಪ್ರೋಗ್ರಾಮಿನ ಉತ್ತರ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಭದ್ರಾವತಿ ಹಳೇನಗರದ ನಮ್ಮ ಬೀದಿಗೆಲ್ಲ ಗೊತ್ತು. ಆದರೆ ಈ ವಿಷಯದಲ್ಲಿ ನಾನು ಸಿಟ್ಟಾಗಿದ್ದು ಎಲ್ಲಕ್ಕಿಂತ ಕೊನೆಗೆ. ಅದಕ್ಕೆ ಮೊದಲು ಮೂರು ಸಲ ಮರ್ಯಾದೆಯಿಂದಲೇ ಹೇಳಿದ್ದೆ. ಫಲಕ್ ಜಗಳಗಂಟಿ ಎಂದು ಈಗ ಕಾಲೇಜಿನಲ್ಲಿ ಹೇಳಿಕೊಂಡು ತಿರುಗುವವರು ಆ ಮೂರು ಸಲದ ಸುದ್ದಿಯನ್ನೇ ಎತ್ತುವುದಿಲ್ಲ.

ವಿಷಯ ನನ್ನ ಲ್ಯಾಬ್ ರೆಕಾರ್ಡಿನದು. ಶಿವಮೊಗ್ಗದ ಒಂದು ಕಾಲೇಜಿನಲ್ಲಿ ನಾನು ಬಿಸಿಎ ಮೊದಲ ವರ್ಷ. ಲ್ಯಾಬಿನಲ್ಲಿ ಮಾಡಿದ ಪ್ರತಿಯೊಂದು ಪ್ರೋಗ್ರಾಮನ್ನೂ ನಾವು ಕೈಯಿಂದ ರೆಕಾರ್ಡ್ ಪುಸ್ತಕಕ್ಕೆ ಇಳಿಸಬೇಕು. ಬಲಗಡೆಯ ಗೆರೆ ಹಾಳೆಯಲ್ಲಿ ಪೆನ್ನಿನಿಂದ ಪ್ರೋಗ್ರಾಂ, ಎಡಗಡೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಅದರ ಔಟ್‌ಪುಟ್, ಅಂದರೆ ಓಡಿಸಿದಾಗ ಬರುವ ಉತ್ತರ. ಮೊದಲು ಲ್ಯಾಬ್ ಮೇಡಂ ಸಹಿ, ಕೊನೆಗೆ ವಿಭಾಗದ ಮುಖ್ಯಸ್ಥರಾದ ಎಚ್‌ಒಡಿ ಸಹಿ. ಸಹಿ ಇಲ್ಲದ ರೆಕಾರ್ಡ್ ಹಿಡಿದು ಬಂದವರನ್ನು ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆಗೆ ಕೂರದಿದ್ದರೆ ಒಂದು ವರ್ಷ ನೀರಿಗೆ ಹೋದಂತೆ.

ನನ್ನ ಬಳಿ ಲ್ಯಾಪ್‌ಟಾಪ್ ಇಲ್ಲ. ನಮ್ಮ ಅಬ್ಬಾ ಸ್ಕೂಟರ್ ಮೆಕ್ಯಾನಿಕ್. ಅವರ ಹಳೆಯ ಫೋನೇ ನನ್ನ ಕಂಪ್ಯೂಟರ್. ಅದರ ಬ್ರೌಸರಿನಲ್ಲಿ ಪ್ರೋಗ್ರಾಂ ಓಡಿಸಿ ನೋಡುವ ಒಂದು ಕಂಪೈಲರ್ ಪುಟ ತೆರೆಯುತ್ತೇನೆ. ಮೇಲೆ ಕೋಡ್ ಬರೆಯುವ ಚೌಕ, ಕೆಳಗೆ ಉತ್ತರ ಬರುವ ಚೌಕ, ನಡುವೆ ರನ್ ಎನ್ನುವ ಹಸಿರು ಬಟನ್. ಬೆಳಿಗ್ಗೆ ಫ್ರೀ ಬಸ್ಸಿನಲ್ಲಿ ಸೀಟು ಸಿಗುವ ಮಾತೇ ಇಲ್ಲ. ಕಂಬಕ್ಕೆ ತೋಳು ಸುತ್ತಿಕೊಂಡು ನಿಂತು ಒಂದೇ ಹೆಬ್ಬೆರಳಿನಲ್ಲಿ ಬರೆಯುತ್ತೇನೆ. ಒಂದು ಬ್ರಾಕೆಟ್ ಹುಡುಕಲು ಕೀಬೋರ್ಡನ್ನು ಎರಡು ಸಲ ಬದಲಾಯಿಸಬೇಕು. ಒಂದು ಸೆಮಿಕೋಲನ್ ಬಿಟ್ಟರೂ ಕೆಂಪು ಅಕ್ಷರದಲ್ಲಿ ಬೈಗುಳ ಬರುತ್ತದೆ. ಆ ಬೈಗುಳ ನನಗೆ ಇಷ್ಟ. ಯಾವ ಸಾಲಿನಲ್ಲಿ ತಪ್ಪಿದೆ ಎಂದಷ್ಟೇ ಅದು ಹೇಳುತ್ತದೆ. ಹೆಣ್ಣುಮಗಳಾಗಿ ಇಷ್ಟೊಂದು ಯಾಕೆ ಮಾತಾಡ್ತೀಯ ಎಂದು ಕೇಳುವುದಿಲ್ಲ.

ಆರನೇ ಪ್ರೋಗ್ರಾಂ ಬಹಳ ಸುಲಭದ್ದು. ಒಬ್ಬ ವಿದ್ಯಾರ್ಥಿಯ ಐದು ವಿಷಯಗಳ ಅಂಕ ಕೂಡಿಸಿ ಸರಾಸರಿ ತೋರಿಸಬೇಕು. ನಮ್ಮ ಎಚ್‌ಒಡಿ ಜಯಕುಮಾರ್ ಸರ್ ಬರೆದು ಅಚ್ಚು ಹಾಕಿಸಿದ ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಪ್ರೋಗ್ರಾಂ ಇದೆ, ಅದರ ಕೆಳಗೆ ಉತ್ತರವೂ ಇದೆ. ಒಟ್ಟು 337, ಸರಾಸರಿ 67.40. ಬಸ್ಸು ಮಾಚೇನಹಳ್ಳಿ ದಾಟುವಾಗ ನಾನು ರನ್ ಒತ್ತಿದೆ. ಬಂದದ್ದು 67.00.

ನನ್ನದೇ ತಪ್ಪು ಎಂದುಕೊಂಡೆ. ಶಿವಮೊಗ್ಗ ಬರುವವರೆಗೂ ಒಂದೊಂದೇ ಅಕ್ಷರವನ್ನು ಮ್ಯಾನ್ಯುಯಲ್‌ಗೆ ಹೋಲಿಸಿ ನೋಡಿದೆ. ಒಂದು ಚುಕ್ಕೆಯೂ ಹೆಚ್ಚುಕಡಿಮೆ ಇರಲಿಲ್ಲ. ಲ್ಯಾಬಿನ ಕಂಪ್ಯೂಟರಿನಲ್ಲಿ ಮಾಡಿದರೂ ಅದೇ 67.00. ನನ್ನ ಜೊತೆ ಒಂದೇ ಕಂಪ್ಯೂಟರಿನಲ್ಲಿ ಕೂರುವವಳು ಹೊಳೆಹೊನ್ನೂರಿನ ಪೂಜಿತಾ. ಅವಳು ಆಗಲೇ ಎಡಗಡೆಯ ಹಾಳೆಯಲ್ಲಿ ದುಂಡಗಿನ ಅಕ್ಷರದಲ್ಲಿ 67.40 ಎಂದು ಬರೆಯುತ್ತಿದ್ದಳು.

“ನಿನಗೆ ಅಷ್ಟು ಬಂತಾ?” ಎಂದು ಕೇಳಿದೆ.

“ಯಾರಿಗೂ ಬರಲ್ಲ ಮಾರಾಯ್ತಿ. ಸ್ಕ್ರೀನಲ್ಲಿ ಬರೋದು ಅದು, ರೆಕಾರ್ಡಲ್ಲಿ ಬರೆಯೋದು ಇದು. ಸೀನಿಯರ್ಸ್ ಎಲ್ಲ ಹಂಗೇ ಬರ್ದಿರೋದು.”

ಅವಳು ಅದನ್ನು ಏನೂ ಅಲ್ಲವೆಂಬಂತೆ ಸಹಜವಾಗಿ ಹೇಳಿದಳು. ನಾನು ಮ್ಯಾನ್ಯುಯಲ್‌ನ ಮೊದಲ ಪುಟ ತೆಗೆದು ನೋಡಿದೆ. ಮ್ಯಾನ್ಯುಯಲ್ ಅಚ್ಚಾಗಿ ಹನ್ನೊಂದು ವರ್ಷ. ವರ್ಷಕ್ಕೆ ಅರವತ್ತು ಮಕ್ಕಳು. ಅಷ್ಟೂ ಜನ ಕಣ್ಣಾರೆ 67.00 ನೋಡಿ, ಕಂಪ್ಯೂಟರಿಗೇ ಏನೋ ಆಗಿದೆ ಎಂದುಕೊಂಡು, ಕೈಯಲ್ಲಿ 67.40 ಬರೆದು, ಸಹಿ ಹಾಕಿಸಿಕೊಂಡು ಹೋಗಿದ್ದಾರೆ.

ಕಾರಣ ಹುಡುಕಲು ನನಗೆ ಎರಡು ದಿನ ಹಿಡಿಯಿತು. ಒಟ್ಟು ಅಂಕವೂ ಪೂರ್ಣಾಂಕ, ಭಾಗಿಸುವ ಐದೂ ಪೂರ್ಣಾಂಕ. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಸಿ ಭಾಷೆ ಚುಕ್ಕೆಯ ಆಚೆ ಇರುವುದನ್ನು ಬಿಸಾಡುತ್ತದೆ. 5 ಎಂದಿರುವಲ್ಲಿ 5.0 ಎಂದು ಬರೆದರೆ 67.40 ತಾನಾಗಿ ಬರುತ್ತದೆ. ಮ್ಯಾನ್ಯುಯಲ್ ಬರೆದವರು ಪ್ರೋಗ್ರಾಮನ್ನು ಒಮ್ಮೆಯೂ ಓಡಿಸಿ ನೋಡಿರಲಿಲ್ಲ. ಸರಾಸರಿಯನ್ನು ಕ್ಯಾಲ್ಕ್ಯುಲೇಟರಿನಲ್ಲಿ ಲೆಕ್ಕ ಹಾಕಿ ಕೆಳಗೆ ಬರೆದಿದ್ದರು.

ನಾನು ಮ್ಯಾನ್ಯುಯಲ್‌ನಲ್ಲಿರುವ ಪ್ರೋಗ್ರಾಂ ಬರೆದು, ಎಡಗಡೆ 67.00 ಎಂದು ಬರೆದೆ. ಲ್ಯಾಬಿನ ಸಮತಾ ಮೇಡಂ ಕೆಂಪು ಗೆರೆ ಎಳೆದು “ಮತ್ತೆ ಬರೆ” ಎಂದರು. ಎರಡನೇ ಸಲ ಪ್ರೋಗ್ರಾಮಿನಲ್ಲಿ 5.0 ಮಾಡಿ, ಉತ್ತರ 67.40 ಎಂದು ಬರೆದು ತೆಗೆದುಕೊಂಡು ಹೋದೆ. ಆಗಲೂ ಕೆಂಪು ಗೆರೆ, ಪ್ರೋಗ್ರಾಂ ಮ್ಯಾನ್ಯುಯಲ್‌ನಲ್ಲಿ ಇದ್ದಂತೆ ಇಲ್ಲವಂತೆ. ಮೂರನೇ ಸಲ ಮತ್ತೆ ಮೊದಲಿನಂತೆಯೇ ಬರೆದು ಅವರ ಮುಂದೆ ಇಟ್ಟೆ.

“ಒಳ್ಳೆ ಕತೆ ಕಣಮ್ಮ ನಿಂದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತೀಯಲ್ಲ” ಎಂದರು ಮೇಡಂ.

“ನಾನು ಎಣಿಸಿದೀನಿ ಮೇಡಂ, ನಾಲ್ಕಿದಾವೆ. ಮೂರು ಅಂತಿರೋದು ಮ್ಯಾನ್ಯುಯಲ್. ಪ್ರೋಗ್ರಾಂ ಬೇಕಾದ್ರೆ ಅದರದ್ದು ಬರೀತೀನಿ, ಉತ್ತರ ಬೇಕಾದ್ರೆ ಅದರದ್ದು ಬರೀತೀನಿ. ಎರಡೂ ಒಟ್ಟಿಗೆ ಬರಿ ಅಂದ್ರೆ ಆಗಲ್ಲ. ಒಂದು ಸುಳ್ಳಾಗುತ್ತೆ.”

ಮೇಡಂ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಅವರು ಅತಿಥಿ ಉಪನ್ಯಾಸಕಿ. ಬರುವ ವರ್ಷ ಇರಬೇಕೋ ಬೇಡವೋ ಎಂದು ಶಿಫಾರಸು ಮಾಡುವವರು ಜಯಕುಮಾರ್ ಸರ್. “ನಂಗೂ ಗೊತ್ತು ಫಲಕ್. ನಾನೂ ಇಲ್ಲೇ ಓದಿದ್ದು. ನಾನೂ ಬರ್ದೆ, ಸಹಿ ತಗೊಂಡೆ, ಮರ್ತೆ. ನೀನೂ ಬರ್ದು ಮರ್ತುಬಿಡು. ಶುಕ್ರವಾರ ನಾಲ್ಕು ಗಂಟೆಗೆ ಕೊನೆ.”

ಗೊತ್ತಿಲ್ಲದವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಗೊತ್ತಿದ್ದೂ ಗೆರೆ ಎಳೆದರಲ್ಲ, ಆಗ ಮೈಯೆಲ್ಲ ಉರಿಯಿತು.

ಮನೆಯಲ್ಲಿ ನಾವು ಆಡುವುದು ದಖನಿ ಉರ್ದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಮ್ಮಿ ರೊಟ್ಟಿ ತಟ್ಟುತ್ತಾ ಎಲ್ಲವನ್ನೂ ಕೇಳಿದರು. “ಅವರು ಹೇಳಿದ್ದು ಬರೆದುಕೊಟ್ಟು ಬಾ ಬೇಟಿ. ಒಂದು ಅಂಕಿಗೋಸ್ಕರ ಒಂದು ವರ್ಷ ಕಳೀತೀಯಾ?” ಎಂದರು.

ಊಟಕ್ಕೆ ಕೂತಿದ್ದ ಅಬ್ಬಾ ಅಮ್ಮಿಯ ಕಡೆ ತಿರುಗಿದರು. “ಸ್ಟಾರ್ಟ್ ಆಗದ ಗಾಡೀನ ರೆಡಿ ಅಂತ ಕೊಡು ಅಂತೀಯಾ?”

“ಗಾಡಿ ಪರೀಕ್ಷೆ ಬರೆಯಲ್ಲ” ಎಂದರು ಅಮ್ಮಿ. ಅಬ್ಬಾ ಇನ್ನೊಂದು ರೊಟ್ಟಿಗೆ ಕೈ ಚಾಚಿದರು. ನಿಜ ಹೇಳಬೇಕೆಂದರೆ ಅಮ್ಮಿ ಹೇಳಿದ್ದು ತಪ್ಪಲ್ಲ. ಒಂದು ವರ್ಷ ಕಳೆದುಕೊಳ್ಳುವುದು ನನಗೂ ಭಯವೇ. ಶುಕ್ರವಾರ ಬೆಳಿಗ್ಗೆ ಬಸ್ಸಿನಲ್ಲಿ ಪೆನ್ಸಿಲ್ ಕೈಯಲ್ಲಿ ಹಿಡಿದು ಆ ಪುಟ ತೆರೆದೆ. ಸೊನ್ನೆಯನ್ನು ನಾಲ್ಕು ಮಾಡಲು ಅರೆನಿಮಿಷ ಸಾಕಿತ್ತು. ಕೈ ಹೋಗಲಿಲ್ಲ. ಇಷ್ಟು ಚಿಕ್ಕ ವಿಷಯಕ್ಕೆ ಸುಳ್ಳು ಬರೆದವಳು ದೊಡ್ಡ ವಿಷಯಕ್ಕೆ ನಿಜ ಬರೆಯುತ್ತೇನೆ ಎಂದು ನನಗೇ ನಂಬಿಕೆ ಬರಲಿಲ್ಲ.

ಮೂರೂವರೆಗೆ ಎಚ್‌ಒಡಿ ಕೋಣೆಯ ಹೊರಗೆ ಸಾಲು. ಪೂಜಿತಾ ನನ್ನ ಹಿಂದೆ ನಿಂತಿದ್ದಳು. ಒಳಗೆ ಜಯಕುಮಾರ್ ಸರ್ ಸಹಿ ಹಾಕುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ ಸಮತಾ ಮೇಡಂ ಒಂದೊಂದೇ ರೆಕಾರ್ಡಿನ ಪುಟ ತಿರುವಿ ಕೊಡುತ್ತಿದ್ದರು. ಸರ್ ಕೆಟ್ಟವರಲ್ಲ. ಬಸ್ಸು ಲೇಟಾಗಿ ಬಂದವರಿಗೂ ಹಾಜರಿ ಕೊಡುತ್ತಾರೆ. ಆದರೆ ಆ ಮ್ಯಾನ್ಯುಯಲ್ ಅವರಿಗೆ ಮಗುವಿದ್ದ ಹಾಗೆ.

“ಏನಮ್ಮ ಇದು, ಆರನೇದಕ್ಕೆ ಮೇಡಂ ಸಹಿನೇ ಇಲ್ಲ?” ಎಂದರು.

ನಾನು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಳ್ಳದೆ ಕ್ಯಾಲ್ಕ್ಯುಲೇಟರ್ ತೆಗೆದು, 337 ಒತ್ತಿ, ಐದರಿಂದ ಭಾಗಿಸಿ, ನನ್ನ ಕಡೆ ತಿರುಗಿಸಿದರು. “ಎಷ್ಟಿದೆ? ಓದು.”

“67.4 ಸರ್. ಲೆಕ್ಕ ನಿಮ್ಮದೇ ಸರಿ. ಪ್ರೋಗ್ರಾಂ ಆ ಲೆಕ್ಕ ಮಾಡ್ತಿಲ್ಲ.” ಫೋನು ತೆಗೆದು ಅವರ ಮುಂದೆ ಇಟ್ಟೆ. “ನಿಮ್ಮ ಪ್ರೋಗ್ರಾಂ ಇದರಲ್ಲಿ ಹಂಗೇ ಇದೆ. ಹೋಲಿಸಿ ನೋಡಿ. ನೀವೇ ರನ್ ಒತ್ತಿ ಸರ್.”

ಸರ್ ಫೋನಿನ ಕಡೆ ನೋಡಿದರು, ಮುಟ್ಟಲಿಲ್ಲ. “ಇಂಟರ್‌ನೆಟ್ಟಲ್ಲಿ ಬರೋದೆಲ್ಲ ನಿಜ ಏನಮ್ಮ? ಹನ್ನೊಂದು ವರ್ಷದಿಂದ ಇದೇ ಪಾಠ ಮಾಡ್ತಿದೀನಿ. ಒಬ್ಬರೂ ಕೇಳಿಲ್ಲ. ಹೊರಗಿನ ಎಕ್ಸಾಮಿನರ್ ಬಂದಾಗ ಅರವತ್ತು ರೆಕಾರ್ಡಲ್ಲಿ ಒಂದು ಉತ್ತರ, ನಿಂದರಲ್ಲಿ ಇನ್ನೊಂದು ಇದ್ರೆ ನನ್ನ ಮರ್ಯಾದೆ ಏನಾಗ್ಬೇಕು?”

“ಒಬ್ಬರೂ ಕೇಳಿಲ್ಲ ಅಂದ್ರೆ ಒಬ್ಬರಿಗೂ ಬಂದಿಲ್ಲ ಅಂತಲ್ಲ ಸರ್. ಎಲ್ಲರಿಗೂ 67.00 ಬಂದಿದೆ. ಕೇಳೋಕೆ ಹೆದರಿದಾರೆ. ನೀವು ಒತ್ತೋಕೆ ಹೆದರ್ತಿದೀರ.”

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎನ್ನುತ್ತಾರಲ್ಲ, ಅದಕ್ಕೆ ತಯಾರಾಗಿಯೇ ನಿಂತೆ. ಸರ್ ನನ್ನ ರೆಕಾರ್ಡ್ ಮುಚ್ಚಿ ಪಕ್ಕಕ್ಕೆ ತಳ್ಳಿದರು.

ಆಗ ಸಮತಾ ಮೇಡಂ ಕೈಯಲ್ಲಿದ್ದ ರೆಕಾರ್ಡುಗಳನ್ನು ಮೇಜಿನ ಮೇಲೆ ಇಟ್ಟರು. ಬಗ್ಗಿ ಫೋನಿನ ಹಸಿರು ಬಟನ್ ಒತ್ತಿದರು. ಸುತ್ತುವ ಗುರುತು ಎರಡು ಕ್ಷಣ ತಿರುಗಿತು. 67.00 ಬಂತು. ಮೇಡಂ ಫೋನನ್ನು ಸರ್ ಕಡೆ ತಿರುಗಿಸಿ, “ಇಷ್ಟೇ ಸರ್ ಬರೋದು. ನಾನು ಸ್ಟೂಡೆಂಟ್ ಆಗಿದ್ದಾಗಲೂ ಇಷ್ಟೇ ಬಂದಿತ್ತು” ಎಂದರು. ಅವರ ದನಿ ಸಣ್ಣದಾಗಿತ್ತು, ಆದರೆ ಬಾಗಿಲ ಕಡೆ ನೋಡಲಿಲ್ಲ. ನಂತರ ನನ್ನ ರೆಕಾರ್ಡನ್ನು ಎಳೆದುಕೊಂಡು, ಆರನೇ ಪ್ರೋಗ್ರಾಮಿನ ಕೆಳಗೆ ತಮ್ಮ ಸಹಿ ಹಾಕಿದರು.

ಸರ್ ಕ್ಯಾಲ್ಕ್ಯುಲೇಟರನ್ನು ಫೋನಿನ ಪಕ್ಕಕ್ಕೆ ಎಳೆದು ಎರಡನ್ನೂ ನೋಡಿದರು. ನನಗೆ ಅವರನ್ನು ನೋಡಿ ಒಂದು ಗಳಿಗೆ ಪಾಪ ಅನ್ನಿಸಿತು. ತಪ್ಪು ಎಂದು ಅವರು ಆಗಲೇ ಹೇಳಿದ್ದರೆ ಆ ಭಾವನೆ ಉಳಿಯುತ್ತಿತ್ತೇನೋ. ಅವರು ಹೇಳಲಿಲ್ಲ. ಕೆಂಪು ಪೆನ್ನು ತೆಗೆದು ನನ್ನ ಪುಟದ ಮೇಲೆ “ಔಟ್‌ಪುಟ್ ಮ್ಯಾನ್ಯುಯಲ್‌ನಂತೆ ಇಲ್ಲ” ಎಂದು ಬರೆದರು. ಹತ್ತು ರೆಕಾರ್ಡ್ ಅಂಕಗಳಲ್ಲಿ ಎರಡು ಕತ್ತರಿಸಿ ಎಂಟು ಎಂದು ಹಾಕಿದರು.

“ಶಿಸ್ತಿಲ್ಲ ಅಂದ್ರೆ ಹಿಂಗೇ ಆಗೋದು” ಎಂದರು.

ನಾನು ಆ ಕೆಂಪು ವಾಕ್ಯವನ್ನು ಓದಿದೆ. ಇನ್ನೊಮ್ಮೆ ಓದಿದೆ. ಹನ್ನೊಂದು ವರ್ಷದಲ್ಲಿ ಆರನೇ ಪ್ರೋಗ್ರಾಮಿನ ಬಗ್ಗೆ ಆ ಕೋಣೆಯಲ್ಲಿ ಬರೆಯಲಾದ ಮೊದಲ ನಿಜ ಅದು.

“ಸರ್, ಅದರ ಕೆಳಗೆ ನಿಮ್ಮ ಸಹಿ ಹಾಕಿ. ತಾರೀಕೂ ಹಾಕಿ.”

“ಹಾಕ್ತೀನಮ್ಮ. ಯಾರ ಪರೀಕ್ಷೆಯನ್ನೂ ತಪ್ಪಿಸೋನಲ್ಲ ನಾನು.” ಸಹಿ ಹಾಕಿದರು, ತಾರೀಕು ಹಾಕಿದರು, ಸೀಲು ಒತ್ತಿದರು. ಪುಸ್ತಕ ನನ್ನ ಕಡೆ ಚಾಚಿದವರು ತಾವು ಬರೆದದ್ದರ ಮೇಲೆ ಕಣ್ಣಾಡಿಸಿ ಒಂದು ಕ್ಷಣ ಬಿಡಲಿಲ್ಲ. ನಾನೂ ಬಿಡಲಿಲ್ಲ. ಕೊನೆಗೆ ಅವರ ಬೆರಳು ಸಡಿಲಾಯಿತು.

ಹೊರಗೆ ಪೂಜಿತಾ ಕಾಯುತ್ತಿದ್ದಳು. ಪುಟ ತೆರೆದು ತೋರಿಸಿದೆ. ಕೆಂಪು ಸಾಲು ಓದಿದಳು, ಸಹಿ ನೋಡಿದಳು, ಎಂಟು ಎಂಬುದನ್ನೂ ನೋಡಿದಳು. ಅವಳು ಎಂದೂ ತರಗತಿಯಲ್ಲಿ ಕೈ ಎತ್ತಿದವಳಲ್ಲ.

“ಎರಡು ಮಾರ್ಕ್ಸ್ ಹೋಗುತ್ತೆ ನೋಡು” ಎಂದೆ.

“ಗೊತ್ತು ಮಾರಾಯ್ತಿ, ಕಾಣುತ್ತಲ್ಲ.”

ರೆಕಾರ್ಡನ್ನು ಗೋಡೆಗೆ ಒತ್ತಿ ಹಿಡಿದು, ತನ್ನ ದುಂಡಗಿನ 67.40ರ ಮೇಲೆ ಪೆನ್ನಿನಿಂದ ಅಡ್ಡಗೆರೆ ಎಳೆದು, ಪಕ್ಕದಲ್ಲಿ 67.00 ಬರೆದಳು. ನಾಲ್ಕು ಗಂಟೆಗೆ ಇನ್ನೂ ಐದು ನಿಮಿಷ ಇತ್ತು. ದುಪಟ್ಟಾ ಸರಿಮಾಡಿಕೊಂಡು ಬಾಗಿಲು ತಳ್ಳಿದಳು.

“ಸರ್, ನಂದೂ ಆರನೇ ಪ್ರೋಗ್ರಾಂ ಒಂದ್ಸಲ ನೋಡಿ” ಎಂದಳು.