ಸಾವುಕಾರರ ಆಯೇರಿ

ನಮ್ಮ ಕಡೆ ಬಯಲಾಟ ನೋಡಿದವರಿಗೆ ಆಯೇರಿ ಗೊತ್ತು. ಆಟ ಮೆಚ್ಚಿದವರು ಸೀರೆಯನ್ನೋ ಟವೆಲನ್ನೋ ರಂಗಕ್ಕೆ ಕಳಿಸುತ್ತಾರೆ. ಆಟ ಅಲ್ಲಿಗೇ ನಿಲ್ಲುತ್ತದೆ. ಪಾತ್ರಧಾರಿ ಕೊಟ್ಟವರ ಹೆಸರನ್ನೂ ಕೊಟ್ಟಿದ್ದನ್ನೂ ಕೂಗಿ ಹೇಳಬೇಕು. ಕೊಟ್ಟವರು ಎದ್ದು, ಹಾರ್ಮೋನಿಯಂ ನಿಲ್ಲುವವರೆಗೆ ಕೈ ಮುಗಿದು ನಿಂತಿರಬೇಕು. ಆ ಹಾರ್ಮೋನಿಯಂ ನಿಲ್ಲಿಸುವವನು ನಾನು, ಗೋಪಣ್ಣ. ಸಿಂಧನೂರು ಸೀಮೆಯ ದೊಡ್ಡ ಮನುಷ್ಯರೆಲ್ಲ ಒಂದಲ್ಲ ಒಂದು ಸಲ ನನ್ನ ಬೆರಳಿನ ಮರ್ಜಿಯಲ್ಲಿ ನಿಂತವರೇ.

ಆದರೆ ಬಸ್ಸಪ್ಪ ಸಾವುಕಾರನಷ್ಟು ಹೊತ್ತು ನಾನು ಯಾರನ್ನೂ ನಿಲ್ಲಿಸಿಲ್ಲ. ತೊಂಬತ್ತಮೂರನೆಯ ಇಸವಿಯ ಮಾತು ಇದು. ಜವಳಗೇರಾ ದಾರಿಯಲ್ಲಿ ಅವನದೊಂದು ಕಾರ್ಖಾನೆ ಇತ್ತು. ಬತ್ತದ ಹುಲ್ಲನ್ನು ಕಾಸ್ಟಿಕ್ ಸೋಡಾ ಹಾಕಿ ಕುದಿಸಿ ರಟ್ಟು ಮಾಡುತ್ತಿದ್ದರು. ಕುದಿಸಿ ಉಳಿದ ಕರಿ ನೀರನ್ನು ಸೀದಾ ಹಳ್ಳಕ್ಕೆ ಬಿಡುತ್ತಿದ್ದರು.

ಅದರ ಹಿಂದಿನ ವರ್ಷ ಸುಗ್ಗಿ ಮುಗಿದ ಮೇಲೆ ಪಾಮನಕಲ್ಲೂರಿನ ಯಮನಮ್ಮ ಊರವರ ಕುರಿ ಹೊಡೆದುಕೊಂಡು ಕಾಲುವೆ ಕೆಳಗಿನ ಗದ್ದೆಗಳಿಗೆ ಮೇಯಿಸಲು ಬಂದಿದ್ದಳು. ಆ ಹಳ್ಳದ ನೀರು ಕುಡಿದು ನಲವತ್ತೆರಡು ಕುರಿ ಒಂದೇ ದಿನ ಸತ್ತವು. "ಔಷಧ ಹೊಡೆದ ಹೊಲದಾಗ ಬಿಟ್ಟಾಳ, ಸತ್ತಾವ" ಎಂದ ಸಾವುಕಾರ. ದೊಡ್ಡವರ ಮಾತಿಗೆ ಸಾಕ್ಷಿ ಯಾಕೆ ಬೇಕು? ಅವಳ ಊರೂ ನಂಬಿತು. ಸತ್ತ ಕುರಿಗಳಲ್ಲಿ ಹೆಚ್ಚಿನವು ಊರ ಹಿರಿಯ ದುರುಗಪ್ಪನವು. ಅವನು ಯಮನಮ್ಮನನ್ನು ಕಟ್ಟೆಯ ಮುಂದೆ ನಿಲ್ಲಿಸಿ, "ಕುರಿ ಕೊಂದಾಕಿ ನಾನು" ಎಂದು ಮೂರು ಸಲ ಹೇಳಿಸಿದ. ಆಮೇಲೆ ಅವಳ ಕೈಗೆ ಒಂದು ಮರಿಯನ್ನೂ ಯಾರೂ ಕೊಡಲಿಲ್ಲ. ಹುಟ್ಟಿದಾಗಿನಿಂದ ಕುರಿಯ ಹಿಂದೆಯೇ ನಡೆದ ಹೆಂಗಸು ಅವಳು. ಅವಳಿಗೆ ಉಳಿದದ್ದು ಕಂಠವೊಂದೇ. ಅದನ್ನೇ ಹೊತ್ತುಕೊಂಡು ನನ್ನ ಮೇಳಕ್ಕೆ ಬಂದಳು.

ಹಳ್ಳದ ನೀರಿನ ತಕರಾರು ಲಿಂಗಸೂಗೂರಿನ ಎ.ಸಿ. ಸಾಹೇಬರ ತನಕ ಹೋಗಿತ್ತು. ಅವರೊಂದು ಹೊಸ ಹಾದಿ ಹುಡುಕಿದರು. ಮೇಳದವರು ಊರೂರಿಗೆ ಹೋಗಿ ಕೆಟ್ಟ ನೀರಿನ ಆಟ ಆಡಬೇಕು, ರಾಯಚೂರಿನಿಂದ ಬಂದ ವಿಜ್ಞಾನಿ ನಜಮಾ ಮೇಡಂ ನೀರು ಪರೀಕ್ಷೆ ಮಾಡಿ ಅಲ್ಲೇ ತೋರಿಸಬೇಕು, ಜನರ ಹೇಳಿಕೆ ಬರೆದುಕೊಂಡು ಸಾಹೇಬರು ಆದೇಶ ಹೊರಡಿಸಬೇಕು. "ಒಂದೇ ಷರತ್ತು. ನಾಟಕದಲ್ಲಿ ಯಾರ ಹೆಸರೂ ಬರಬಾರದು. ಬಂದರೆ ನಾಳೆಯೇ ಕೋರ್ಟಿಗೆ ಹೋಗುತ್ತಾರೆ" ಎಂದರು.

ತಾಲೀಮಿನ ದಿನ ನಜಮಾ ಮೇಡಂ ಹಳ್ಳದ ನೀರಿನಲ್ಲಿ ಕೆಂಪು ಕಾಗದ ಅದ್ದಿದರು. ಅದು ನೀಲಿಯಾಯಿತು. "ಕಾಸ್ಟಿಕ್ ಐತಿ ಇದರಾಗ. ಕುಡಿದ್ರ ಕರುಳು ಸುಡತಾವ" ಎಂದರು.

"ಹಂಗಾದ್ರ ನನ್ನ ಕುರಿ?" ಎಂದು ಯಮನಮ್ಮ ಕೇಳಿದಳು.

"ಈ ನೀರಿಗೇ ಸತ್ತಾವ ಯಮನಮ್ಮ. ನಿನ್ನ ತಪ್ಪಿಲ್ಲ."

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು: "ಗೋಪಣ್ಣ, ಆಟದಾಗ ಹೆಸರು ಬರಬಾರದು, ಹೌದಿಲ್ಲೋ? ಆಯೇರಿ ಆಟದಾಗ ಬರತೈತೇನು?"

ಅವಳ ಮಾತಿನ ಗುಟ್ಟು ನನಗೆ ಹೊಳೆಯಿತು. ಮರುದಿನವೇ ಸಾವುಕಾರನ ಮನೆಗೆ ಹೋದೆ. "ಸಾವುಕಾರ್ರ, ಎ.ಸಿ. ಸಾಹೇಬ್ರು ಬರಾಕತ್ಯಾರ. ಅವರ ಮುಂದ ನಿಮ್ಮದೊಂದು ಆಯೇರಿ ಬಂದ್ರ, ಹಳ್ಳದ ಮಾತು ಆಡೋರ ಬಾಯಿ ತಾನ ಮುಚ್ಚತೈತ್ರಿ" ಎಂದೆ. ಮನುಷ್ಯ ಹಿಗ್ಗಿ ಹೀರೇಕಾಯಿಯಾದ. ಹೆಸರು ಕೂಗಿಸಿಕೊಳ್ಳುವ ಚಟ ಹೆಂಡದ ಚಟಕ್ಕಿಂತ ಕೆಟ್ಟದ್ದು.

ಸಿಂಧನೂರಿನಲ್ಲಿ ಇಳಿಹೊತ್ತಿಗೆ ಆಟ ಶುರುವಾಯಿತು. ಸಾವುಕಾರ ಸಾಹೇಬರ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ. ನಜಮಾ ಮೇಡಂ ರಂಗದ ಮೇಲೆಯೇ ನೀರಿನ ಸೀಸೆ ಹಿಡಿದು ಕಾಗದ ಅದ್ದಿ, ಎಲ್ಲರಿಗೂ ಕಾಣುವಂತೆ ಎತ್ತಿ ತೋರಿಸಿದರು. ಅಷ್ಟರಲ್ಲಿ ಸಾವುಕಾರನ ಇಳಕಲ್ ಸೀರೆ ರಂಗಕ್ಕೆ ಬಂತು. ನಾನು ಶ್ರುತಿ ಹಿಡಿದೆ. ಅವನು ಹಲ್ಲು ಕಿರಿಯುತ್ತ ಎದ್ದು ಕೈ ಮುಗಿದ.

ಯಮನಮ್ಮ ಕಂಠ ಎತ್ತಿದಳು. "ರಟ್ಟಿನ ಕಾರ್ಖಾನೆ ಬಸ್ಸಪ್ಪ ಸಾವುಕಾರ್ರು ನನಗ ಕೊಟ್ಟಿದ್ದು ಒಂದು ಇಳಕಲ್ ಸೀರಿ!" ಜನ ಚಪ್ಪಾಳೆ ತಟ್ಟಿದರು. ಅವಳು ನಿಲ್ಲಿಸಲಿಲ್ಲ. "ಅದಕೂ ಮೊದಲು ಕೊಟ್ಟಿದ್ದು ಹೇಳ್ತೀನಿ, ಕೇಳ್ರಿ! ಹಳ್ಳಕ್ಕ ಕೊಟ್ಟಿದ್ದು ಕಾಸ್ಟಿಕ್ ನೀರು! ಮೀನಿಗೆ ಕೊಟ್ಟಿದ್ದು ಸಾವು! ನಲವತ್ತೆರಡು ಕುರಿಗೆ ಕೊಟ್ಟಿದ್ದು ಸುಟ್ಟ ಕರುಳು! ನನಗ ಕೊಟ್ಟಿದ್ದು ಕುರಿ ಕೊಂದಾಕಿ ಅನ್ನೋ ಹೆಸರು!"

ಚಪ್ಪಾಳೆ ನಿಂತಿತು. ನನ್ನ ಹಾರ್ಮೋನಿಯಂ ನಿಲ್ಲಲಿಲ್ಲ. ಸಾವುಕಾರನ ಕೈ ಇನ್ನೂ ಮುಗಿದೇ ಇತ್ತು. ಕೂತರೆ ಮೇಳಕ್ಕೆ ಅವಮಾನ, ನಿಂತರೆ ಅವನಿಗೆ. ಅವನು ಸಾಹೇಬರ ಕಡೆ ತಿರುಗಿ, "ಹೆಸರು ಬರಂಗಿಲ್ಲ ಅಂದಿದ್ರಲ್ಲ ಸಾಹೇಬ್ರ?" ಎಂದ.

"ನಾಟಕದಲ್ಲಿ ಬಂದಿಲ್ಲವಲ್ಲ. ಆಯೇರಿ ಕಳಿಸಿದವರು ನೀವೇ" ಎಂದರು ಸಾಹೇಬರು, ಸೀಸೆಯ ಕಡೆ ನೋಡುತ್ತಲೇ.

ಹಿಂದೆ ಕುಳಿತಿದ್ದ ಹಳ್ಳದ ದಂಡೆಯ ಜನ ಒಬ್ಬೊಬ್ಬರೇ ಎದ್ದರು. ಸತ್ತ ಎಮ್ಮೆ, ಉದುರಿದ ಬೆಳೆ, ಮಕ್ಕಳ ಮೈ ಕಜ್ಜಿ ಎಲ್ಲವನ್ನೂ ಕೂಗಿ ಹೇಳಿದರು. ಸಾಹೇಬರ ಗುಮಾಸ್ತ ಬರೆದ. ಅವನು ಬರೆದು ಮುಗಿಸುವವರೆಗೂ ನಾನು ಬೆರಳು ತೆಗೆಯಲಿಲ್ಲ.

ಮೂರು ತಿಂಗಳಿಗೆ ಕಾರ್ಖಾನೆಗೆ ಬೀಗ ಬಿತ್ತು. ಆದರೂ ಯಮನಮ್ಮ ಬಿಡಲಿಲ್ಲ. ಲಿಂಗಸೂಗೂರಿನಲ್ಲಿ ಆಡಿದರೂ ಹಟ್ಟಿಯಲ್ಲಿ ಆಡಿದರೂ ಮೊದಲು ಅದೇ ಆಯೇರಿ ಕೂಗುತ್ತಿದ್ದಳು. ಸಾವುಕಾರ ಹೋದಲ್ಲೆಲ್ಲ ಜನ ಮುಸಿಮುಸಿ ನಕ್ಕರು. ಕೊನೆಗೆ ನಲವತ್ತೆರಡು ಕುರಿ ಕೊಂಡು ಲಾರಿಯಲ್ಲಿ ಅವಳ ಗುಡಿಸಿಲಿಗೆ ಕಳಿಸಿದ, ಇನ್ನು ತನ್ನ ಹೆಸರು ಎತ್ತಬಾರದೆಂದು. ಅವಳು ಕುರಿ ಇಳಿಸಿಕೊಂಡಳು. ಸಂಜೆ ಮಸ್ಕಿಯ ಆಟದಲ್ಲಿ, "ಬಸ್ಸಪ್ಪ ಸಾವುಕಾರ್ರು ನನ್ನ ಬಾಯಿ ಮುಚ್ಚಾಕ ಕೊಟ್ಟಿದ್ದು ನಲವತ್ತೆರಡು ಕುರಿ!" ಎಂದು ಅದನ್ನೂ ಕೂಗಿದಳು. ಕೊಟ್ಟಿದ್ದನ್ನು ಹೇಳದೆ ಇಟ್ಟುಕೊಳ್ಳುವುದು ನಮ್ಮ ಪದ್ಧತಿಯಲ್ಲ.

ಮರುದಿನ ಬೆಳಿಗ್ಗೆ ಕುರಿಗಳನ್ನು ಪಾಮನಕಲ್ಲೂರಿನ ಕಟ್ಟೆಯ ಮುಂದೆ ನಿಲ್ಲಿಸಿ, ಯಾರು ಯಾರವು ಎಷ್ಟು ಸತ್ತಿದ್ದವೋ ಅಷ್ಟಷ್ಟು ಹಂಚಿದಳು. ತನಗೊಂದೂ ಇಟ್ಟುಕೊಳ್ಳಲಿಲ್ಲ. ದುರುಗಪ್ಪ ಕಣ್ಣು ಒರೆಸಿಕೊಂಡ. "ತಪ್ಪಾತವ್ವ. ಇನ್ನ ಮ್ಯಾಲ ಊರ ಕುರಿ ಎಲ್ಲಾ ನಿನ್ನ ಕೈಯಾಗೇ. ನಿನ್ನ ಬಿಟ್ರ ಯಾರು ಕಾಯ್ತಾರ?" ಎಂದ.

ಅಷ್ಟು ದಿನವೂ ಅವಳು ಕಾದದ್ದು ಈ ಮಾತಿಗೇ. ಒಪ್ಪಿಕೊಳ್ಳುತ್ತಾಳೆ ಎಂದು ನಾನೂ ನಂಬಿದ್ದೆ.

ಅವಳು ತನ್ನ ಕೋಲನ್ನು ಅವನ ಕೈಗೆ ಕೊಟ್ಟಳು. "ನನ್ನ ಮಾತು ನಂಬಲಿಲ್ಲ ನೀವು. ನಿಮ್ಮ ಕುರಿ ನೀವೇ ಕಾಯ್ರಿ" ಎಂದಳು.

ಎಪ್ಪತ್ತರ ಮುದುಕ ಕೋಲು ಹಿಡಿದು, ಎಡವುತ್ತ, ಬಿಸಿಲಲ್ಲಿ ಕುರಿಗಳ ಹಿಂದೆ ಹೋದ. ಅಯ್ಯೋ ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ನನಗೆ ಖುಷಿಯೇ ಆಯಿತು.