ತಂಪು ಕೋಣೆಯ ಕಂಡಕ್ಟರ್

ಟಿಕೆಟ್ ಇಲ್ಲದವನೇ ಮೊದಲು ಕಣ್ಣು ಮುಚ್ಚುವುದು. ನಿವೃತ್ತ ಕಂಡಕ್ಟರನಿಗೆ ಇದು ವೇದವಾಕ್ಯ. ಆಯುಷ್ಯವೆಲ್ಲ ಬಸ್ಸಿನಲ್ಲಿ ಕಳೆದ ಆಸಾಮಿ, ನಿದ್ದೆ ಹೋದವರನ್ನು ಕಂಡರೆ ಭುಜ ಅಲ್ಲಾಡಿಸದೆ ಮುಂದೆ ಹೋದವನೇ ಅಲ್ಲ. “ನಿಮಗೆ ಹಗ್ಗ ಕಂಡ್ರೂ ಹಾವು, ನಾನು ಮಲಗಿದ್ರೂ ನಾಟಕ” ಎಂದು ಹೆಂಡತಿ ಬೈಯುತ್ತಿದ್ದಳು.

ಇಂಥವನನ್ನು ಹುಡುಕಿ ಹುಡುಕಿ ನಗರಸಭೆ ತಂಪು ಕೋಣೆ ಕಾಯಲು ಹಾಕಿತು. ಬೇಸಿಗೆ ವರ್ಷದಿಂದ ವರ್ಷಕ್ಕೆ ಕೆಂಡವಾಗುತ್ತಿತ್ತು, ಕಳೆದ ಸಲ ಬಿಸಿಲಿಗೆ ಊರಲ್ಲಿ ಜನವೇ ಸತ್ತಿದ್ದರು. ಮತ್ತೆ ಹಾಗಾಗಬಾರದೆಂದು ಆರೋಗ್ಯಾಧಿಕಾರಿ ಒಂದು ಯೋಜನೆ ಹಾಕಿದರು. ದಪ್ಪ ಗೋಡೆಯ ಹಳೇ ಗೋದಾಮಿಗೆ ಸುಣ್ಣ ಹೊಡೆಸಿ, ಬೆಂಚು, ಕೂಲರ್, ಕುಡಿಯುವ ನೀರು ಇಡಿಸಿ, ಮಧ್ಯಾಹ್ನ ಯಾರು ಬೇಕಾದರೂ ಬಂದು ಕೂರಬಹುದೆಂದು ಸಾರಿದರು. ಸದಾ ಕೊಡೆ ಹಿಡಿದು ಓಡಾಡುವ ಅವರನ್ನು ಊರು ಕೊಡೆ ಮೇಡಂ ಎನ್ನುತ್ತಿತ್ತು. ಪುಕ್ಕಟೆ ನೀರು, ಪುಕ್ಕಟೆ ಗಾಳಿ ಅಂದರೆ ಇದರ ಹಿಂದೆ ಏನೋ ಇದೆ ಎಂದು ಕಂಡಕ್ಟರನಿಗೆ ಮೊದಲ ದಿನವೇ ಅನಿಸಿತು.

ಬೆಂಚಿನ ಮೇಲೆ ತೂಕಡಿಸಿದವರನ್ನೆಲ್ಲ ಅವನು ಎಬ್ಬಿಸಿದ. “ನಿಜವಾಗ್ಲೂ ಸೆಕೆ ಆಗಿ ಬಂದ್ರಾ, ಸುಮ್ನೆ ಬಂದ್ರಾ?” ಎಂದು ವಿಚಾರಿಸಿದ. ದೂರಿನ ಮೇಲೆ ದೂರು ಹೋಯಿತು. ಕೊಡೆ ಮೇಡಂ ಬಂದು ಎಲ್ಲರೆದುರೇ ನೀರಿಳಿಸಿದರು. “ಬಿಸಿಲಲ್ಲಿ ಬೆಂದು ಬಂದೋರು ರೀ ಅವ್ರು, ಮಲಗಲಿ ಬಿಡಿ. ಇನ್ನೊಬ್ಬರನ್ನ ಎಬ್ಬಿಸಿದ್ರೆ ನಾಳೆಯಿಂದ ನೀವು ಬರೋದು ಬೇಡ.”

ನಿವೃತ್ತನಾಗಿ ಮನೆಯಲ್ಲಿ ಕೂತಿದ್ದಾಗ ಮೂಲೆಯ ಪೊರಕೆಗಿದ್ದ ಬೆಲೆಯೂ ಅವನಿಗೆ ಇರಲಿಲ್ಲ. ಈ ಕೆಲಸ ಸಿಕ್ಕ ಮೇಲೆ ಸೊಸೆ “ಮಾವ, ಊಟಕ್ಕೆ ಏನು ಮಾಡ್ಲಿ?” ಎಂದು ಕೇಳತೊಡಗಿದ್ದಳು. ಅದನ್ನು ಕಳೆದುಕೊಳ್ಳಲು ಅವನು ತಯಾರಿರಲಿಲ್ಲ.

ಅಂದಿನಿಂದ ಒಳಗೆ ಬಂದವರೆಲ್ಲ ಅವನಿಗೆ ಮೇಡಂ ಕಳಿಸಿದ ಗೂಢಚಾರರಂತೆ ಕಂಡರು. ಬಸ್ಸಿನಲ್ಲೂ ಹಾಗೇ ತಾನೆ, ಚೆಕಿಂಗ್‌ನವರು ಪ್ರಯಾಣಿಕರ ವೇಷದಲ್ಲಿ ಬಂದು ಕೂರುತ್ತಿದ್ದದ್ದು?

ಒಂದು ಮಧ್ಯಾಹ್ನ ಸ್ವತಃ ಮೇಡಮ್ಮೇ ಬಂದರು. ಎಲ್ಲೆಲ್ಲಿ ನೆರಳಿನ ಚಪ್ಪರ ಹಾಕಿಸಬೇಕೆಂದು ಬೆಳಗಿನಿಂದ ಬೀದಿ ಬೀದಿ ಅಲೆದಿದ್ದರು. ಕೈಯಲ್ಲಿ ಕೊಡೆಯಿರಲಿಲ್ಲ, ಮುಖ ಕೆಂಪಾಗಿತ್ತು. “ಸ್ವಲ್ಪ ಕೂತಿರ್ತೀನಿ” ಎಂದು ಹಿಂದಿನ ಬೆಂಚಿಗೆ ಒರಗಿ ಕಣ್ಣು ಮುಚ್ಚಿದರು.

ಓಹೋ, ಎಂದುಕೊಂಡ ಕಂಡಕ್ಟರ್. ಎಬ್ಬಿಸುತ್ತೇನೋ ಇಲ್ಲವೋ ಎಂದು ಪರೀಕ್ಷೆ! ನೀವು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುವವನು. ಅವರಿಗೆ ಕೇಳಿಸುವಂತೆಯೇ, “ಶ್! ಮಲಗಿರೋರನ್ನ ಯಾರೂ ಎಬ್ಬಿಸೋ ಹಾಗಿಲ್ಲ, ಮೇಡಂ ಆರ್ಡರ್” ಎಂದು ಸಾರುತ್ತ ಅತ್ತಿಂದಿತ್ತ ಓಡಾಡಿದ.

ಮೇಡಂ ಮಡಿಲಿನ ಚೀಲ ಜಾರಿ ಬಿತ್ತು. ಎತ್ತಿಕೊಡಲು ಹೋಗಿ ಕೈ ತಾಗಿದರೆ ಮುಗಿಯಿತು ಕಥೆ, ಎಂದು ಅವನು ದೂರವೇ ನಿಂತ. ಅವರು ಅರ್ಥವಿಲ್ಲದ್ದೇನನ್ನೋ ಗೊಣಗಿದರು. ನಟನೆ ಚೆನ್ನಾಗಿದೆ ಎಂದು ಒಳಗೊಳಗೇ ಮೆಚ್ಚಿಕೊಂಡ.

ದಿನವೂ ಬರುವ ಇಸ್ತ್ರಿ ಅಂಗಡಿಯ ಹೆಂಗಸು ಪಿಸುಗುಟ್ಟಿದಳು: “ಅಣ್ಣಾ, ಮೇಡಂ ಒಂದು ಹನೀನೂ ಬೆವರಿಲ್ಲ.”

“ಆಫೀಸರ್ ಅಲ್ವೇನಮ್ಮ? ಬೆವರೋದು ನಾವು ನೀವು.”

ಅವಳು ನಗಲಿಲ್ಲ. ಎದ್ದು ಹೋಗಿ ಹಣೆ ಮುಟ್ಟಿದವಳೇ ಕೈ ಹಿಂದಕ್ಕೆ ಎಳೆದುಕೊಂಡಳು. “ಅಯ್ಯೋ, ಸುಡ್ತಾ ಇದೆ! ಬಾರಣ್ಣಾ ಬೇಗ!”

ಆಗ ಕಂಡಕ್ಟರ್ ಭುಜ ಹಿಡಿದು ಅಲ್ಲಾಡಿಸಿದ. ಮೇಡಂ ತಲೆ ಪಕ್ಕಕ್ಕೆ ವಾಲಿತು. ಸಾವಿರಾರು ಭುಜ ಅಲ್ಲಾಡಿಸಿದ ಆ ಕೈಗೆ ಇಂಥ ಭಾರ ಎಂದೂ ಸಿಕ್ಕಿರಲಿಲ್ಲ. ಇಸ್ತ್ರಿಯವಳು ಕ್ಯಾನಿನ ನೀರನ್ನೆಲ್ಲ ಮೇಡಂ ಮೈಮೇಲೆ ಸುರಿದಳು. ಯಾರೋ ಆಂಬುಲೆನ್ಸ್ ಕರೆದರು. ಅವನು ಬಿದ್ದ ಚೀಲವನ್ನು ಎದೆಗವುಚಿಕೊಂಡು ನಿಂತಿದ್ದ.

ಆಸ್ಪತ್ರೆಯಲ್ಲಿ ಮೇಡಂಗೆ ಪ್ರಜ್ಞೆ ಬರಲಿಲ್ಲ. ಕಂಡಕ್ಟರ್ ಮನೆಗೂ ಹೋಗದೆ ವಾರ್ಡಿನ ಹೊರಗೆ ಕೂತ. ಲೋಕವನ್ನೆಲ್ಲ ಜಾಲಾಡಿದ ಅನುಮಾನ ಈಗ ಅವನ ಕಡೆಗೇ ತಿರುಗಿತ್ತು. ನಾಟಕವೆಂದು ನಿಜವಾಗಿಯೂ ನಂಬಿದ್ದೆನೋ, ಕೆಲಸ ಹೋದೀತೆಂದು ಕಂಡೂ ಕಾಣದವನಂತಿದ್ದೆನೋ?

ಕೊನೆಗೊಂದು ಬೆಳಿಗ್ಗೆ ನರ್ಸ್ ಹೊರಗೆ ಬಂದು, “ಗಂಡಾಂತರ ಕಳೀತು. ಈಗ ನಿದ್ದೆ ಮಾಡ್ತಿದ್ದಾರೆ, ಸುಮ್ನೆ ನೋಡ್ಕೊಂಡು ಬನ್ನಿ” ಎಂದಳು.

ನಿದ್ದೆ! ಆ ಮಾತನ್ನು ಅವನು ಹೇಗೆ ತಾನೇ ನಂಬಿಯಾನು? ಮಂಚದ ಪಕ್ಕ ನಿಂತು ಉಸಿರು ನೋಡಿದ, ಬೆರಳು ನೋಡಿದ, ರೆಪ್ಪೆ ನೋಡಿದ. ತಡೆಯಲಾಗಲಿಲ್ಲ. ಭುಜ ಹಿಡಿದು ಅಲ್ಲಾಡಿಸಿಯೇಬಿಟ್ಟ.

ಮೇಡಂ ಕಣ್ಣು ತೆರೆದು ಅವನನ್ನು ಗುರುತಿಸಿದರು. “ನೀವಾ? ಎಬ್ಬಿಸಬೇಡಿ ಅಂತ ಎಷ್ಟು ಸಲ ಹೇಳ್ಬೇಕ್ರೀ ನಿಮಗೆ? ನಾಳೆಯಿಂದ ಕೆಲಸಕ್ಕೆ ಬರಬೇಡಿ!”

“ಆಯ್ತು ಮೇಡಂ, ಬರಲ್ಲ” ಎಂದ ಕಂಡಕ್ಟರ್, ಧಾರಾಕಾರವಾಗಿ ಅಳುತ್ತ. “ಇನ್ನೂ ಬೈರಿ ಮೇಡಂ. ಜೋರಾಗಿ ಬೈರಿ.”